ಆಟದ ಪೀರಿಯಡ್ ಎಲ್ಲಿ ಹೋಯಿತು?

ಮಕ್ಕಳ ಬಟ್ಟೆ ಒಗೆಯುವ ತಾಯಿಗೆ ಅವರ ದಿನ ಹೇಗೆ ಕಳೆಯಿತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ತೋಳಿಗೆ ಶಾಯಿ ಹತ್ತಿದ್ದರೆ ಪರೀಕ್ಷೆ ಇತ್ತು, ಮಂಡಿಗೆ ಮಣ್ಣು ಹತ್ತಿದ್ದರೆ ಆಟ ಇತ್ತು. ಏಳನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಗುರುವಾರ ಬಿಳಿ ಶೂ ಹಾಕುವ ದಿನ. ಜೂನ್‌ನಲ್ಲಿ ಕೊಂಡ ಆ ಶೂ, ಮಳೆ ಮುಗಿದು ನವೆಂಬರ್ ಬಂದರೂ ಅಂಗಡಿಯಿಂದ ತಂದಂತೆಯೇ ಇತ್ತು.

“ಇವತ್ತು ಆಟಕ್ಕೆ ಬಿಡಲಿಲ್ವಾ?” ಎಂದು ಕೇಳಿದೆ.

“ಇಲ್ಲ ಉಮ್ಮಾ, ಗಣಿತದ ಟೀಚರ್ ತಗೊಂಡ್ರು. ಪೋರ್ಷನ್ ಬಾಕಿ ಇದೆಯಂತೆ.”

“ಹೋದ ವಾರ?”

“ವಿಜ್ಞಾನ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಹೊರಗೆ ಮಳೆ ಬರುತ್ತಿದೆ ಎನ್ನುವಷ್ಟು ಸಹಜವಾಗಿ ಹೇಳಿ ಪುಸ್ತಕ ತೆಗೆದಳು. ನನಗೆ ಶಾಲೆಯವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಯಾಕೆಂದರೆ ಹಿಂದಿನ ವರ್ಷ ಪಾಲಕರ ಸಭೆಯಲ್ಲಿ ಎದ್ದು ನಿಂತು, “ವಾರಕ್ಕೆ ಎರಡೆರಡು ಆಟದ ಪೀರಿಯಡ್ ಯಾಕೆ? ಒಂದನ್ನು ಗಣಿತಕ್ಕೆ ಕೊಡಿ” ಎಂದವರಲ್ಲಿ ನಾನೂ ಒಬ್ಬಳು. ಅಂದು ಸಭೆಯಲ್ಲಿದ್ದ ಹೆಚ್ಚಿನವರು ಹೌದು ಹೌದು ಎಂದಿದ್ದರು. ಮೂಲೆಯಲ್ಲಿ ಕುಳಿತಿದ್ದ ಪಿ.ಟಿ. ಮಾಸ್ಟರ್ ಮಾತ್ರ ಏನೂ ಹೇಳಲಿಲ್ಲ.

ಅದೇ ತಿಂಗಳು ಮಗಳು ಎರಡು ಮಹಡಿ ಹತ್ತಿ ಏದುಸಿರು ಬಿಡುವುದನ್ನು ಕಂಡು ವೈದ್ಯರ ಬಳಿಗೆ ಕರೆದೊಯ್ದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂತು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟ ವೈದ್ಯೆ, “ಮಾತ್ರೆಯಿಂದ ರಕ್ತ ಸರಿಯಾಗುತ್ತದೆ. ಆದರೆ ಹೃದಯ, ಕಾಲುಗಳಿಗೆ ಕೆಲಸ ಬೇಕಲ್ಲ? ಇವಳು ದಿನಾ ಏನು ಆಡುತ್ತಾಳೆ?” ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ದಿನದಲ್ಲಿ ಒಂದು ಗಂಟೆ ಎಲ್ಲಿದೆ?

ನಮ್ಮ ಮನೆಗಳ ಮಕ್ಕಳ ದಿನಚರಿಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಬೆಳಿಗ್ಗೆ ಆರೂವರೆಗೆ ಮದ್ರಸ. ಅಲ್ಲಿಂದ ಬಂದು ಅವಸರದ ತಿಂಡಿ, ಶಾಲೆಯ ವ್ಯಾನ್. ಒಂಬತ್ತೂವರೆಯಿಂದ ನಾಲ್ಕರವರೆಗೆ ಬೆಂಚು. ಐದಕ್ಕೆ ಟ್ಯೂಷನ್, ಮಗ್‌ರಿಬ್ ಬಳಿಕ ಹೋಂವರ್ಕ್, ಊಟದ ನಂತರ ಮೊಬೈಲ್. ಹುಡುಗರು ಅಸರ್ ಮುಗಿಸಿ ಅರ್ಧ ಗಂಟೆಯಾದರೂ ಬ್ಯಾಟು ಹಿಡಿದು ಓಡುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ಹತ್ತು ಹನ್ನೊಂದು ವರ್ಷ ತುಂಬಿತೆಂದರೆ “ಇನ್ನು ಓಡಾಡಿದ್ದು ಸಾಕು, ದೊಡ್ಡವಳಾದೆ” ಎಂಬ ಮಾತು ಮನೆಯಲ್ಲಿ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಆ ಬಳಿಕ ಅವಳ ಪಾಲಿಗೆ ಉಳಿಯುವುದು ಶಾಲೆಯ ಆಟದ ಪೀರಿಯಡ್ ಮಾತ್ರ. ಅದನ್ನೂ ಪೋರ್ಷನ್ ನುಂಗಿದರೆ ಅವಳು ಓಡುವುದು ಎಲ್ಲಿ?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದರ ಜೊತೆಗೆ ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಓಟ, ಜಿಗಿತ, ಹತ್ತುವಿಕೆಯಂಥವು ಇರಬೇಕು. ಮೈಬೆವರುವುದು ಎಂದರೆ ಎಷ್ಟು? ಮಗು ಆಡುತ್ತಾ ಮಾತಾಡಬಲ್ಲದು, ಆದರೆ ಹಾಡು ಹೇಳಲು ಉಸಿರು ಸಾಲದು ಎಂದರೆ ಅದು ಮಧ್ಯಮ ಶ್ರಮ. ನಾಲ್ಕು ಮಾತಾಡಿ ಉಸಿರಿಗಾಗಿ ನಿಲ್ಲಬೇಕಾದರೆ ಅದು ಹೆಚ್ಚಿನ ಶ್ರಮ.

ಇದೇ ಸಂಸ್ಥೆಯ ಸಂಶೋಧಕರು 146 ದೇಶಗಳ 11ರಿಂದ 17 ವರ್ಷದ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. ನೂರರಲ್ಲಿ 81 ಮಕ್ಕಳಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ನಮ್ಮ ದೇಶದಲ್ಲೂ ಸುಮಾರು ಮುಕ್ಕಾಲು ಭಾಗ ಮಕ್ಕಳ ಸ್ಥಿತಿ ಇದೇ. ಹಾಗಾಗಿ ಇದು ಯಾವುದೋ ಒಂದು ಊರಿನ, ಒಂದು ಸಮುದಾಯದ ಸಮಸ್ಯೆಯಲ್ಲ. ಆದರೆ ಹುಡುಗಿಯರ ಪಾಲು ಬಹುತೇಕ ಎಲ್ಲೆಡೆ ಕಡಿಮೆ ಎಂಬುದನ್ನು ನಾವು ಮರೆಯಬಾರದು.

ಕುಳಿತೇ ಬೆಳೆದರೆ ಏನಾಗುತ್ತದೆ?

ಹದಿಹರೆಯವು ಮೂಳೆಗಳು ಗಟ್ಟಿಯಾಗುವ ಕಾಲ. ಜಿಗಿಯುವಾಗ, ಓಡುವಾಗ ಮೂಳೆಯ ಮೇಲೆ ಬೀಳುವ ಭಾರವೇ ಅದನ್ನು ಗಟ್ಟಿಗೊಳಿಸುತ್ತದೆ. ಈ ವಯಸ್ಸಿನಲ್ಲಿ ಕೂಡಿಟ್ಟ ಮೂಳೆಯ ಬಲವೇ ಮುಂದೆ ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಮುಪ್ಪು ಎಲ್ಲಕ್ಕೂ ಬಂಡವಾಳ. ನಲವತ್ತಕ್ಕೇ ಮಂಡಿ ಹಿಡಿದು ಏಳುವ ನಮ್ಮಂಥ ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಣ್ಣಿನ ಮಾತೂ ಇದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಹೊರಾಂಗಣ ಚಟುವಟಿಕೆಯ ತರಗತಿಯನ್ನು ಹೆಚ್ಚುವರಿಯಾಗಿ ಸೇರಿಸಿದರು. ಮೂರು ವರ್ಷಗಳಲ್ಲಿ ಆ ಶಾಲೆಗಳ ಶೇ. 30ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ದೋಷ ಬಂದರೆ, ಉಳಿದ ಶಾಲೆಗಳಲ್ಲಿ ಅದು ಶೇ. 40ರ ಹತ್ತಿರವಿತ್ತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದು ಇಷ್ಟೆ: ಹಗಲು ಬೆಳಕಿನಲ್ಲಿ ಕಳೆದ ಹೊತ್ತು ಕಣ್ಣಿಗೂ ಒಳ್ಳೆಯದು.

ಇನ್ನು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಆಟದಿಂದ ರಕ್ತಹೀನತೆ ವಾಸಿಯಾಗುವುದಿಲ್ಲ. ಅದಕ್ಕೆ ಆಹಾರ, ಮಾತ್ರೆ, ಜಂತುಹುಳುವಿನ ಔಷಧ ಬೇಕು. ಆದರೆ ಸದಾ ಕುಳಿತೇ ಇರುವ ಹುಡುಗಿಗೆ ತನಗೆ ಸುಸ್ತಾಗುತ್ತಿದೆ ಎಂಬುದೇ ತಿಳಿಯುವುದಿಲ್ಲ. ಓಡಿದಾಗ ಎಲ್ಲರಿಗಿಂತ ಮೊದಲು ಕುಳಿತುಬಿಡುವ ಮಗುವನ್ನು ಪಿ.ಟಿ. ಮಾಸ್ಟರ್ ಗುರುತಿಸಬಲ್ಲರು. ಆಟದ ಪೀರಿಯಡ್ ಇಲ್ಲದಿದ್ದರೆ ಆ ಕಣ್ಣೂ ಇಲ್ಲ.

ಆಡಿದರೆ ಓದು ಹಾಳಾಗುತ್ತದೆಯೇ?

ನಮ್ಮೆಲ್ಲರ ಭಯ ಇದೇ. ಆಟಕ್ಕೆ ಕೊಟ್ಟ ಹೊತ್ತು ಓದಿನಿಂದ ಕಳೆದ ಹೊತ್ತು ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಓದನ್ನೇ ಕುಣಿಯುತ್ತಾ ಕಲಿಸಿದರೆ? ಇದನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿ ನೋಡಿದರು.

ಗ್ರೋನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 12 ಪ್ರಾಥಮಿಕ ಶಾಲೆಗಳ 499 ಮಕ್ಕಳನ್ನು ಆರಿಸಿಕೊಂಡರು. ಮಕ್ಕಳ ಸರಾಸರಿ ವಯಸ್ಸು ಎಂಟು. ಒಂದು ಗುಂಪಿಗೆ ಎಂದಿನ ಪಾಠ. ಇನ್ನೊಂದು ಗುಂಪಿಗೆ ವಾರಕ್ಕೆ ಮೂರು ಸಲ, ಪ್ರತಿ ಸಲ 20ರಿಂದ 30 ನಿಮಿಷ, ಚಲನೆಯೊಂದಿಗೆ ಗಣಿತ ಮತ್ತು ಭಾಷೆ. ಮಕ್ಕಳು ತಮ್ಮ ಡೆಸ್ಕಿನ ಹಿಂದೆ ನಿಂತು ನಿಂತಲ್ಲೇ ಕಾಲು ಹಾಕುತ್ತಿದ್ದರು. ಎರಡು ಮೂರಲಿ ಎಷ್ಟು ಎಂದು ಕೇಳಿದರೆ ಆರು ಸಲ ಜಿಗಿದು ಉತ್ತರಿಸಬೇಕು. ಪದವೊಂದನ್ನು ಬಿಡಿಸಿ ಹೇಳುವಾಗ ಒಂದೊಂದು ಅಕ್ಷರಕ್ಕೆ ಒಂದೊಂದು ಜಿಗಿತ. ವರ್ಷದಲ್ಲಿ 22 ವಾರಗಳಂತೆ ಎರಡು ವರ್ಷ ಇದು ನಡೆಯಿತು.

ಎರಡು ವರ್ಷಗಳ ಕೊನೆಯಲ್ಲಿ ಪರೀಕ್ಷೆ ಮಾಡಿದಾಗ, ಜಿಗಿದು ಕಲಿತ ಮಕ್ಕಳು ಗಣಿತದಲ್ಲೂ ಕಾಗುಣಿತದಲ್ಲೂ ಕುಳಿತು ಕಲಿತವರಿಗಿಂತ ಸುಮಾರು ನಾಲ್ಕು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಓದುವ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶ 2016ರಲ್ಲಿ ಪ್ರಕಟವಾಯಿತು.

ಎಲ್ಲ ಕಡೆಯೂ ಇಷ್ಟೇ ಲಾಭ ಕಂಡಿತೆಂದು ಹೇಳುವಂತಿಲ್ಲ. ಅಮೆರಿಕದ ಕ್ಯಾನ್ಸಸ್‌ನಲ್ಲಿ 17 ಶಾಲೆಗಳಲ್ಲಿ ಮೂರು ವರ್ಷ ಇಂಥದೇ ಪ್ರಯೋಗ ನಡೆಸಿ 2017ರಲ್ಲಿ ಪ್ರಕಟಿಸಿದಾಗ, ಚಲಿಸುತ್ತಾ ಕಲಿತವರ ಅಂಕಗಳು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಒಬ್ಬ ತಾಯಿಯಾಗಿ ನನಗೆ ಈ ಎರಡನೆಯ ಫಲಿತಾಂಶವೇ ಹೆಚ್ಚು ಧೈರ್ಯ ಕೊಟ್ಟಿತು. ಲಾಭ ಆಗದ ಕಡೆಯೂ ಓದಿಗೆ ನಷ್ಟ ಆಗಲಿಲ್ಲ. ಮಕ್ಕಳ ದೇಹಕ್ಕೆ ಸಿಕ್ಕಿದ ಚಲನೆಯಂತೂ ಉಳಿಯಿತು. ಡೆನ್ಮಾರ್ಕ್ 2014ರಿಂದ ತನ್ನ ಶಾಲೆಗಳಲ್ಲಿ ದಿನಕ್ಕೆ ಸರಾಸರಿ 45 ನಿಮಿಷದ ಚಲನೆ ಇರಲೇಬೇಕೆಂದು ನಿಯಮ ಮಾಡಿದೆ. ಅದನ್ನು ಪಾಠಗಳ ಒಳಗೇ ಸೇರಿಸಿಕೊಳ್ಳಬಹುದು.

ನಮ್ಮಲ್ಲೇ ಇದೆ ನಲಿ–ಕಲಿ

ಇದೆಲ್ಲ ಹೊರದೇಶದ ಮಾತು ಎನ್ನಬೇಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ–ಕಲಿ ಪದ್ಧತಿ ನಮ್ಮ ಸರಕಾರಿ ಶಾಲೆಗಳದ್ದೇ. ಒಂದರಿಂದ ಮೂರನೇ ತರಗತಿಯ ಮಕ್ಕಳು ಬೆಂಚು ಬಿಟ್ಟು ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಎದ್ದು ಹೋಗಿ ಗೋಡೆಯ ಬಳಿಯಿಂದ ಕಾರ್ಡು ತರುತ್ತಾರೆ. ಹಾಡಿ ಕುಣಿದು ಎಣಿಕೆ ಕಲಿಯುತ್ತಾರೆ. 2009ರ ಹೊತ್ತಿಗೆ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ಆದರೆ ನಾಲ್ಕನೇ ತರಗತಿಗೆ ಬಂದೊಡನೆ ಬೆಂಚು ಬರುತ್ತದೆ, ನಲಿಯುವುದು ನಿಲ್ಲುತ್ತದೆ. ಮಗು ದೊಡ್ಡದಾದಂತೆ ಅದು ಕುಳಿತುಕೊಳ್ಳಬೇಕಾದ ಹೊತ್ತೂ ದೊಡ್ಡದಾಗುತ್ತದೆ. ನಾವು ಸಾವಿರಾರು ರೂಪಾಯಿ ಫೀಸು ಕಟ್ಟುವ ಶಾಲೆಗಳಲ್ಲಿ ಕೆಲವೆಡೆ ಎಲ್‌ಕೆಜಿಯಿಂದಲೇ ಬೆಂಚು.

ಮೈದಾನದಲ್ಲಿ ಗಣಿತ, ನಾಡಿಯಲ್ಲಿ ವಿಜ್ಞಾನ

ಏಳನೇ ತರಗತಿಯ ಮಕ್ಕಳನ್ನು ಕುಣಿಸುತ್ತಾ ಕಲಿಸುವುದು ಹೇಗೆ ಎಂದು ನೀವು ಕೇಳಬಹುದು. ಅವರ ಪಾಠವೇ ಮೈದಾನದಲ್ಲಿ ಬಿದ್ದುಕೊಂಡಿದೆ.

ಪಿ.ಟಿ. ಮಾಸ್ಟರ್ ಸುಣ್ಣದ ಪುಡಿ ಹಿಡಿದು ಕಬಡ್ಡಿ ಅಂಕಣ ಎಳೆಯುವುದನ್ನು ನೋಡಿದ್ದೀರಾ? ಮೂಲೆ ನೇರವಾಗಿ ಬಂದಿದೆಯೇ ಎಂದು ತಿಳಿಯಲು ಅವರು ಒಂದು ಬದಿಯಲ್ಲಿ 3 ಮೀಟರ್, ಇನ್ನೊಂದು ಬದಿಯಲ್ಲಿ 4 ಮೀಟರ್ ಗುರುತು ಮಾಡಿ, ಆ ಎರಡು ಗುರುತುಗಳ ನಡುವಿನ ಓರೆ ದೂರ 5 ಮೀಟರ್ ಇದೆಯೇ ಎಂದು ಅಳೆಯುತ್ತಾರೆ. ಇದ್ದರೆ ಮೂಲೆ ಸರಿ. ಇದು ಪೈಥಾಗೊರಸನ ಪ್ರಮೇಯ. ಹಗ್ಗವನ್ನು ಮಕ್ಕಳ ಕೈಗೇ ಕೊಟ್ಟು ಅಂಕಣ ಎಳೆಸಿದರೆ ಆ ಪ್ರಮೇಯವನ್ನು ಅವರು ಮತ್ತೆ ಮರೆಯುವುದಿಲ್ಲ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12 ಮತ್ತು 8. ಎರಡರ ವಿಸ್ತೀರ್ಣದ ವ್ಯತ್ಯಾಸ ಎಷ್ಟು? ಸುತ್ತಳತೆ ಎಷ್ಟು? ಲೆಕ್ಕ ಮಾಡಿದ ಮೇಲೆ ಅದೇ ಅಂಕಣದಲ್ಲಿ ಹತ್ತು ನಿಮಿಷ ಆಟ.

ಓಟದ ಟ್ರ್ಯಾಕ್‌ನಲ್ಲಿ ಹೊರಗಿನ ಸಾಲಿನವಳು ಮುಂದೆ ನಿಂತು ಓಟ ಶುರು ಮಾಡುತ್ತಾಳೆ. ಅನ್ಯಾಯವಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಅಲ್ಲೇ ವೃತ್ತದ ಪರಿಧಿಯ ಪಾಠ ಶುರು. ಒಂದು ಸಾಲಿನ ಅಗಲ 1.22 ಮೀಟರ್. ತ್ರಿಜ್ಯ ಅಷ್ಟು ಹೆಚ್ಚಾದರೆ ಒಂದು ಪೂರ್ತಿ ಸುತ್ತಿನಲ್ಲಿ ದೂರ ಸುಮಾರು ಏಳೂವರೆ ಮೀಟರ್ ಹೆಚ್ಚುತ್ತದೆ. ಮೈದಾನದ ನಡುವೆ ಗೂಟ ನೆಟ್ಟು, ಬೇರೆ ಬೇರೆ ಉದ್ದದ ಹಗ್ಗ ಕಟ್ಟಿ, ಮಕ್ಕಳನ್ನು ಸುತ್ತ ಓಡಿಸಿ ಹೆಜ್ಜೆ ಎಣಿಸಿದರೆ ಸಾಕು. ಉದ್ದಜಿಗಿತದ ಮೂರು ಪ್ರಯತ್ನಗಳಿಂದ ದಶಮಾಂಶ ಮತ್ತು ಸರಾಸರಿ, ರಿಲೇ ಓಟದಿಂದ ವೇಗ, ಕುಂಟೆಬಿಲ್ಲೆಯ ಮನೆಗಳಿಂದ ಚಿಕ್ಕ ಮಕ್ಕಳಿಗೆ ಮಗ್ಗಿ.

ವಿಜ್ಞಾನಕ್ಕೆ ಸಾಮಗ್ರಿಯೇ ಬೇಡ, ಮಗುವಿನ ಮಣಿಕಟ್ಟು ಸಾಕು. ಕುಳಿತಿರುವಾಗ 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಲಿ. ಎರಡು ನಿಮಿಷ ಸ್ಕಿಪ್ಪಿಂಗ್ ಮಾಡಿ ಮತ್ತೆ ಎಣಿಸಲಿ. ಒಂದೊಂದು ನಿಮಿಷ ಬಿಟ್ಟು ಪುನಃ ಎಣಿಸಿ, ನಾಡಿ ಮೊದಲಿನ ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಬೇಕಾಯಿತೆಂದು ಗ್ರಾಫ್ ಹಾಕಲಿ. ಹೃದಯ, ಶ್ವಾಸಕೋಶ, ಆಮ್ಲಜನಕದ ಪಾಠ ಅಲ್ಲೇ ಆಗುತ್ತದೆ. ತಿಂಗಳ ಬಳಿಕ ಅದೇ ಪರೀಕ್ಷೆ ಮಾಡಿದರೆ, ನಿಯಮಿತವಾಗಿ ಆಡುವ ಮಗುವಿನ ನಾಡಿ ಬೇಗ ಇಳಿಯುವುದನ್ನು ಅದು ತನ್ನ ಗ್ರಾಫಿನಲ್ಲೇ ನೋಡುತ್ತದೆ. ಹಗ್ಗಜಗ್ಗಾಟವನ್ನು ಒಮ್ಮೆ ಮಣ್ಣಿನ ಮೇಲೆ, ಒಮ್ಮೆ ನುಣುಪು ನೆಲದ ಮೇಲೆ ಆಡಿಸಿದರೆ ಘರ್ಷಣೆ ಎಂದರೇನೆಂದು ಕಾಲಿಗೇ ಗೊತ್ತಾಗುತ್ತದೆ.

ಭಾಷೆಯ ಪಾಠಕ್ಕೆ ಗಾದೆಗಳ ಓಟ ಇಡಬಹುದು. “ಕೈ ಕೆಸರಾದರೆ” ಎಂಬ ಚೀಟಿ ಈ ತುದಿಯಲ್ಲಿ, “ಬಾಯಿ ಮೊಸರು” ಆ ತುದಿಯಲ್ಲಿ. ಓಡಿ ಹುಡುಕಿ ಜೋಡಿಸಿದ ತಂಡಕ್ಕೆ ಅಂಕ. ಭೂಗೋಳಕ್ಕೆ ಶಾಲೆಯ ಆವರಣವನ್ನು ಹೆಜ್ಜೆಯಿಂದ ಅಳೆದು, ಹೆಜ್ಜೆಯನ್ನು ಮೀಟರಿಗೆ ತಿರುಗಿಸಿ, ಉತ್ತರ ದಿಕ್ಕು ಗುರುತಿಸಿ ನಕ್ಷೆ ಬಿಡಿಸಬಹುದು.

ಮೈದಾನವೇ ಇಲ್ಲದ, ಒಂದು ಕೋಣೆಗೆ ಐವತ್ತು ಮಕ್ಕಳಿರುವ ಶಾಲೆಗಳೂ ಇವೆ. ಅಲ್ಲಿ ನಿಂತಲ್ಲೇ ಕಾಲು ಹಾಕುತ್ತಾ ಮಗ್ಗಿ ಹೇಳಿಸಬಹುದು. ಉತ್ತರ ಸರಿಯೆನಿಸಿದವರು ಎದ್ದು ಕೈ ಮೇಲೆತ್ತಿ, ತಪ್ಪೆನಿಸಿದವರು ಅರ್ಧ ಕುಳಿತು ನಿಲ್ಲಲಿ. ಹತ್ತು ನಿಮಿಷ ಇದು ನಡೆದರೆ ಮಧ್ಯಾಹ್ನದ ತೂಕಡಿಕೆ ಹೋಗುತ್ತದೆ. ಪಕ್ಕದ ಕೋಣೆಗೆ ಸದ್ದಾಗುತ್ತದೆ ಎಂಬುದು ನಿಜ. ಮೊದಲ ವಾರ ಮಕ್ಕಳು ಗಲಾಟೆ ಮಾಡುತ್ತಾರೆ ಎಂಬುದೂ ನಿಜ. ಶಿಕ್ಷಕರು ಒಂದು ಸೀಟಿ, ಒಂದು ನಿಯಮ ಇಟ್ಟುಕೊಂಡರೆ ಎರಡನೇ ವಾರಕ್ಕೆ ಹಿಡಿತಕ್ಕೆ ಬರುತ್ತದೆ.

ಎರಡೂ ಬೇಕು, ಒಂದರ ಬದಲು ಇನ್ನೊಂದಲ್ಲ

ಇಲ್ಲಿ ಒಂದು ಎಚ್ಚರಿಕೆ. “ಗಣಿತದಲ್ಲೇ ಜಿಗಿಸುತ್ತೇವಲ್ಲ, ಇನ್ನು ಆಟದ ಪೀರಿಯಡ್ ಯಾಕೆ?” ಎಂದು ಯಾವುದಾದರೂ ಶಾಲೆ ಹೇಳಿದರೆ ಒಪ್ಪಬೇಡಿ. ಚೆಂಡು ಹಿಡಿಯುವುದು, ಎಸೆಯುವುದು, ಬಿದ್ದರೆ ಪೆಟ್ಟಾಗದಂತೆ ಬೀಳುವುದು, ತಂಡದೊಳಗೆ ಜಾಗ ಬಿಟ್ಟುಕೊಡುವುದು, ಸೋತು ಕೈ ಕುಲುಕುವುದು ಇವೆಲ್ಲ ದೈಹಿಕ ಶಿಕ್ಷಣದ ಸ್ವಂತ ಪಾಠಗಳು. ಗಣಿತದ ಟೀಚರ್ ಅವನ್ನು ಕಲಿಸಲಾರರು. ಹತ್ತು ನಿಮಿಷ ನಿಂತಲ್ಲೇ ಜಿಗಿದರೆ ಒಂದು ಗಂಟೆಯ ಲೆಕ್ಕವೂ ತುಂಬುವುದಿಲ್ಲ. ಆಟದ ಪೀರಿಯಡ್ ಊಟವಾದರೆ, ಪಾಠದೊಳಗಿನ ಚಲನೆ ನಡುವೆ ಕುಡಿಯುವ ನೀರು. ಒಂದಿದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ.

ಕಾನೂನೂ ನಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಮತ್ತು ಪ್ರತಿ ತರಗತಿಗೆ ಅಗತ್ಯಕ್ಕೆ ತಕ್ಕ ಆಟದ ಸಾಮಗ್ರಿ ಇರಬೇಕೆಂದಿದೆ. 6ರಿಂದ 8ನೇ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100 ಮೀರಿದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕು. ಕ್ರೀಡೆಯನ್ನು, ಅದರಲ್ಲೂ ದೇಶೀಯ ಆಟಗಳನ್ನು, ಇತರ ವಿಷಯಗಳ ಬೋಧನೆಯಲ್ಲಿ ಬೆರೆಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ನಮ್ಮ ಹೆಣ್ಣುಮಕ್ಕಳ ವಿಷಯ

ಹುಡುಗಿಯರು ಆಟದಿಂದ ಹಿಂದೆ ಸರಿಯಲು ಹಲವು ಕಾರಣಗಳಿವೆ. ಬಟ್ಟೆ, ಮುಟ್ಟು, ಶೌಚಾಲಯ, ರಸ್ತೆಗೆ ತೆರೆದುಕೊಂಡ ಮೈದಾನ, ಮೈದಾನವನ್ನೆಲ್ಲ ಹಿಡಿದುಕೊಂಡ ಹುಡುಗರ ಕ್ರಿಕೆಟ್. ಇವು ಯಾವುವೂ ಬಗೆಹರಿಯದ ಸಮಸ್ಯೆಗಳಲ್ಲ. ಹುಡುಗಿಯರು ಓಡುವುದೇ ಸರಿಯಲ್ಲ ಎನ್ನುವವರಿಗೆ, ಪ್ರವಾದಿವರ್ಯರು(ಸ) ಆಯಿಷಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದ್ದನ್ನು ನೆನಪಿಸಿದರೆ ಸಾಕು.

ಪಾಠದೊಳಗಿನ ಚಲನೆಯಿಂದ ಇಂಥ ಮಕ್ಕಳಿಗೆ ವಿಶೇಷ ಅನುಕೂಲವಿದೆ. ಅದು ತರಗತಿಯ ಒಳಗೆ, ಎಲ್ಲರೂ ಒಟ್ಟಿಗೆ, ಎಂದಿನ ಬಟ್ಟೆಯಲ್ಲೇ ನಡೆಯುತ್ತದೆ. ಯಾರೂ ಒಬ್ಬಳನ್ನೇ ನಿಂತು ನೋಡುವುದಿಲ್ಲ. ಆಟದಲ್ಲಿ ಹಿಂದೆ ಬಿದ್ದವಳು ಲೆಕ್ಕದಲ್ಲಿ ಮುಂದಿದ್ದರೆ ತಂಡಕ್ಕೆ ಅವಳೂ ಬೇಕಾಗುತ್ತಾಳೆ. ಹೀಗೆ ಒಮ್ಮೆ ಸಂಕೋಚ ಬಿಟ್ಟ ಮಗು ಮೈದಾನಕ್ಕೂ ಇಳಿಯುತ್ತದೆ.

ಆಟದ ದಿನಕ್ಕೆ ಸಡಿಲವಾದ, ಪೂರ್ಣ ತೋಳಿನ ಹತ್ತಿ ಬಟ್ಟೆ ಮತ್ತು ಟ್ರ್ಯಾಕ್ ಪ್ಯಾಂಟ್ ಒಳ್ಳೆಯದು. ಕಾಲಿಗೆ ತೊಡರುವಷ್ಟು ಉದ್ದದ ಉಡುಪಿನಲ್ಲಿ ಓಡಿಸಬೇಡಿ. ಸ್ಕಾರ್ಫ್‌ಗೆ ಗುಂಡುಸೂಜಿ ಚುಚ್ಚುವ ಬದಲು ಹೊಲಿದ ಸ್ಕಾರ್ಫ್ ಹಾಕಿಸಿ. ಬಿದ್ದಾಗ ಸೂಜಿ ಚುಚ್ಚುವ ಭಯವಿರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಆಡುವುದರಿಂದ ದೇಹಕ್ಕೆ ಹಾನಿಯಿಲ್ಲ. ಹಗುರವಾದ ಚಲನೆ ಕೆಲವರಿಗೆ ಹೊಟ್ಟೆನೋವನ್ನು ಕಡಿಮೆ ಮಾಡುತ್ತದೆ. ಆದರೆ ಆಡಬೇಕೋ ಬೇಡವೋ ಎಂಬುದನ್ನು ಮಗಳೇ ನಿರ್ಧರಿಸಲಿ. ಪ್ಯಾಡ್ ಬದಲಿಸಲು ಬಾಗಿಲು, ನೀರು, ಕಸದ ಬುಟ್ಟಿ ಇರುವ ಶೌಚಾಲಯ ಶಾಲೆಯಲ್ಲಿ ಇದೆಯೇ ಎಂದು ನೀವೇ ಹೋಗಿ ನೋಡಿ. ಶೌಚಾಲಯ ಚೆನ್ನಾಗಿಲ್ಲವೆಂದು ದಿನವಿಡೀ ನೀರು ಕುಡಿಯದ ಹುಡುಗಿಯರು ಬಹಳ. ಬಿಸಿಲಿನಲ್ಲಿ ಆಡಿ ನೀರು ಕುಡಿಯದಿದ್ದರೆ ತಲೆಸುತ್ತು, ಮೂತ್ರದ ಉರಿ ಬರುತ್ತದೆ.

ಆರೋಗ್ಯದ ಎಚ್ಚರಗಳು

ಓಡುವಾಗ ಎದೆನೋವು, ತಲೆಸುತ್ತಿ ಬೀಳುವುದು, ಹೃದಯ ಅಡ್ಡಾದಿಡ್ಡಿ ಬಡಿದಂತಾಗುವುದು ಇದ್ದರೆ ವೈದ್ಯರು ನೋಡುವ ತನಕ ಆಟ ಬೇಡ. ಆಸ್ತಮಾ ಇರುವ ಮಗುವನ್ನು ಕಾಯಂ ಆಗಿ ಮೂಲೆಯಲ್ಲಿ ಕೂರಿಸಬೇಕಾಗಿಲ್ಲ. ಕಾಯಿಲೆ ಹಿಡಿತದಲ್ಲಿದ್ದರೆ ಅದೂ ಆಡಬಹುದು. ಇನ್‌ಹೇಲರ್ ಚೀಲದಲ್ಲಿರಲಿ, ವಿಷಯ ಶಿಕ್ಷಕರಿಗೆ ಗೊತ್ತಿರಲಿ. ಜ್ವರ ಬಂದು ಎದ್ದ ಮಗುವಿಗೆ ಕೆಲವು ದಿನ ವಿಶ್ರಾಂತಿ ಕೊಡಿ.

ರಮಝಾನ್‌ನಲ್ಲಿ ಉಪವಾಸವಿರುವ ಮಕ್ಕಳ ವಿಷಯವನ್ನು ಶಾಲೆಗೆ ಮೊದಲೇ ತಿಳಿಸಿ. ಆ ತಿಂಗಳು ಬಿಸಿಲಿನ ಓಟ ಬೇಡ. ಬೆಳಗಿನ ಹೊತ್ತು ನೆರಳಿನಲ್ಲಿ ಹಗುರ ಚಟುವಟಿಕೆ ಸಾಕು. ಮಗು ತೀರಾ ಬಳಲಿದಂತೆ ಕಂಡರೆ ಕೂರಿಸಬೇಕು. ಮಧುಮೇಹವಿರುವ ಮಕ್ಕಳ ಬಗ್ಗೆ ವೈದ್ಯರ ಮಾತೇ ಕೊನೆ.

ಆಟ ಮುಗಿದೊಡನೆ ಕೈಗಳನ್ನು ಸೋಪಿನಿಂದ ತೊಳೆದ ಮೇಲೆಯೇ ತಿಂಡಿಯ ಡಬ್ಬ ತೆರೆಯಲಿ. ನೀರಿನ ಬಾಟಲಿ ಪ್ರತಿಯೊಬ್ಬರಿಗೆ ಬೇರೆಯಾಗಿರಲಿ. ಬೆವರಿದ ಸಾಕ್ಸ್‌ನ್ನು ಮರುದಿನ ಹಾಕಿಸಬೇಡಿ. ಶೂವನ್ನು ರಾತ್ರಿ ಗಾಳಿಗೆ ತೆರೆದಿಡಿ. ಒದ್ದೆ ಸಾಕ್ಸ್, ಒದ್ದೆ ಒಳಉಡುಪಿನಿಂದಲೇ ತುರಿಕೆ, ಹುಳುಕಡ್ಡಿ ಶುರುವಾಗುವುದು.

ಪಾಲಕರು ಏನು ಮಾಡಬಹುದು?

ಮುಂದಿನ ಪಾಲಕರ ಸಭೆಯಲ್ಲಿ, ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ, ಅಂಕಗಳ ಮಾತು ಮುಗಿದ ಮೇಲೆ ಈ ಪ್ರಶ್ನೆಗಳನ್ನೂ ಕೇಳಿ.

• ಟೈಮ್‌ಟೇಬಲ್‌ನಲ್ಲಿರುವ ಆಟದ ಪೀರಿಯಡ್ ಕಳೆದ ತಿಂಗಳು ಎಷ್ಟು ಸಲ ನಡೆಯಿತು?

• ಪರೀಕ್ಷೆಯ ತಿಂಗಳಲ್ಲೂ ಅದನ್ನು ಉಳಿಸುತ್ತೀರಾ?

• ಹುಡುಗಿಯರಿಗೆ ಮೈದಾನದಲ್ಲಿ ಜಾಗ, ಚೆಂಡು, ಸಮಯ ಬೇರೆಯಾಗಿ ಇದೆಯೇ?

• ವಾರಕ್ಕೆ ಎರಡು ಮೂರು ಪಾಠಗಳನ್ನಾದರೂ ಪಿ.ಟಿ. ಮಾಸ್ಟರ್ ಮತ್ತು ವಿಷಯ ಶಿಕ್ಷಕರು ಸೇರಿ ಮೈದಾನದಲ್ಲಿ ಮಾಡಬಹುದೇ?

• ಆಟದಿಂದ ಹೊರಗಿಡುವುದನ್ನು ಶಿಕ್ಷೆಯಾಗಿ ಬಳಸುತ್ತಿದ್ದೀರಾ? ಬಳಸುತ್ತಿದ್ದರೆ ನಿಲ್ಲಿಸುತ್ತೀರಾ?

ಮನೆಯಲ್ಲೂ ದಾರಿಗಳಿವೆ. ಮಗ್ಗಿ ಬಾಯಿಪಾಠ ಮಾಡುವಾಗ ಟೆರೇಸಿನ ಮೇಲೆ ಸ್ಕಿಪ್ಪಿಂಗ್ ಹಗ್ಗ ಕೊಡಿ. ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಮೆಟ್ಟಿಲು ಬಳಸಿ, ಒಂದು ಅಕ್ಷರಕ್ಕೆ ಒಂದು ಮೆಟ್ಟಿಲು. ಅರ್ಧ ಗಂಟೆ ಕುಳಿತು ಓದಿದರೆ ಐದು ನಿಮಿಷ ಅಂಗಳ. ಮದ್ರಸ ಹತ್ತಿರದಲ್ಲಿದ್ದು ದಾರಿ ಸುರಕ್ಷಿತವಾಗಿದ್ದರೆ ಸ್ಕೂಟರಿನಲ್ಲಿ ಬಿಡುವ ಬದಲು ನಡೆದೇ ಹೋಗಲಿ. ಆದರೆ ಇಲ್ಲೂ ತಮ್ಮನನ್ನು ಆಟಕ್ಕೆ ಬಿಟ್ಟು ಅಕ್ಕನನ್ನು ಅಡುಗೆಮನೆಗೆ ಕರೆಯಬೇಡಿ.

ಈ ವರ್ಷದ ಪಾಲಕರ ಸಭೆಯಲ್ಲಿ ನಾನು ಮತ್ತೆ ಎದ್ದು ನಿಂತೆ. “ಹೋದ ವರ್ಷ ಆಟದ ಪೀರಿಯಡ್ ಗಣಿತಕ್ಕೆ ಕೊಡಿ ಎಂದವಳು ನಾನೇ. ಅದು ತಪ್ಪಾಯಿತು, ವಾಪಸ್ ಕೊಡಿ” ಎಂದೆ. ಕೆಲವರು ನಕ್ಕರು. ಗಣಿತದ ಟೀಚರ್ ಪೋರ್ಷನ್ ಬಗ್ಗೆ ಹೇಳಿದರು. ಅವರ ಕಷ್ಟವೂ ಸುಳ್ಳಲ್ಲ. ಆಗ ಪಿ.ಟಿ. ಮಾಸ್ಟರ್ ಮೊದಲ ಸಲ ಬಾಯಿ ತೆರೆದು, “ಕ್ಷೇತ್ರಫಲದ ಪಾಠ ಇದೆಯಲ್ಲ ಟೀಚರ್, ನನ್ನ ಕಬಡ್ಡಿ ಅಂಕಣಕ್ಕೆ ಕರ್ಕೊಂಡು ಬನ್ನಿ. ಒಂದು ಪೀರಿಯಡ್ ನಿಮ್ಮದು, ಒಂದು ನನ್ನದು” ಎಂದರು. ಮುಖ್ಯೋಪಾಧ್ಯಾಯರು ಒಂದು ತಿಂಗಳು ಮಾಡಿ ನೋಡೋಣ ಎಂದು ಬರೆದುಕೊಂಡರು.

ತಿಂಗಳಲ್ಲಿ ದೊಡ್ಡ ಬದಲಾವಣೆ ಏನೂ ಆಗಿಲ್ಲ. ಮಗಳಿಗೆ ಗಣಿತದಲ್ಲಿ ಮೊದಲಿನಷ್ಟೇ ಅಂಕ. ಮಾತ್ರೆ ಇನ್ನೂ ನುಂಗುತ್ತಿದ್ದಾಳೆ. ಆದರೆ ಕಳೆದ ಗುರುವಾರ ಸಂಜೆ ಬಾಗಿಲ ಬಳಿ ಬಿಚ್ಚಿಟ್ಟ ಅವಳ ಬಿಳಿ ಶೂ ಕೆಂಪು ಮಣ್ಣಿನಲ್ಲಿ ಬಣ್ಣ ಬದಲಿಸಿತ್ತು, ಬದಿಯಲ್ಲಿ ಸುಣ್ಣದ ಗೆರೆ ಬೇರೆ. ಅದನ್ನು ತೊಳೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಒಮ್ಮೆಯೂ ಗೊಣಗಲಿಲ್ಲ.